ಸಿನಿಮಾದ ಪ್ರಾಪರ್ಟಿ (ದೃಶ್ಯದಲ್ಲಿ ಬಳಸೋ ವಸ್ತು), ಬಟ್ಟೆ, ಸೆಟ್ ಸಾಮಾನು: ಹೊಂದಿಸೋದು ಹೇಗೆ, ಕೊನೇ ಶಾಟ್‌ವರೆಗೆ ಕಾಪಾಡೋದು ಹೇಗೆ?
(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು.)

ಮೊದಲ ಶೆಡ್ಯೂಲ್
ಎಲ್ಲರಿಗೂ ನಮಸ್ಕಾರ. ಎರಡು ಚಿತ್ರಕ್ಕೆ ಸಹಾಯಕ ನಿರ್ದೇಶಕಿಯಾಗಿ ಕೆಲಸ ಮಾಡಿದ್ದೀನಿ. ಈ ಸಲದ ಯೂನಿಟ್ ತೀರಾ ಚಿಕ್ಕದು, ಆರ್ಟ್ ಡಿಪಾರ್ಟ್‌ಮೆಂಟ್‌ನಲ್ಲಿ ಇರೋದೇ ಮೂರು ಜನ. ಹಾಗಾಗಿ ಸಾಮಾನಿನ ಜವಾಬ್ದಾರಿ ಪೂರ್ತಿ ನನ್ನ ಹೆಗಲಿಗೆ ಬಂದಿದೆ. 1963ರಲ್ಲಿ ನಡೆಯೋ ಕತೆ. ಒಂದೇ ಮನೆ, ಐದು ಪಾತ್ರ, 24 ದಿನದ ಚಿತ್ರೀಕರಣ.

ಕತೆಯ ಜೀವ ಇರೋದು ಅಪ್ಪನ ಟೈಮ್‌ಪೀಸ್ ಒಂದರಲ್ಲಿ. 18ನೇ ದೃಶ್ಯದಲ್ಲಿ ಅದು ಬಿದ್ದು ಗಾಜು ಸೀಳುತ್ತೆ, ಅಲ್ಲಿಂದ ಕೊನೇವರೆಗೂ ಸೀಳು ಗಾಜಿನಲ್ಲೇ ಕಾಣಿಸಬೇಕು. ಆದರೆ ಲೊಕೇಶನ್ ಸಿಕ್ಕ ದಿನಗಳಿಗೆ ಹೊಂದಿಸಿಕೊಂಡು ಮೊದಲ ದಿನವೇ ಕ್ಲೈಮ್ಯಾಕ್ಸ್ ತೆಗೀತಿದ್ದೀವಿ. ಅಂದ್ರೆ ಒಡೆಯೋದು ಹನ್ನೊಂದನೇ ದಿನ, ಒಡೆದದ್ದು ಬೇಕಾಗಿರೋದು ಮೊದಲನೇ ದಿನ.

ಪಟ್ಟಿ ಎಲ್ಲಿಂದ ಶುರು ಮಾಡಲಿ? ಯಾವುದನ್ನ ಕೊಳ್ಳಬೇಕು, ಯಾವುದಕ್ಕೆ ಬಾಡಿಗೆ ಸಾಕು? ಲೆಕ್ಕ ಇಡೋದು ಹೇಗೆ? ಅನುಭವ ಇರೋರು ದಯವಿಟ್ಟು ಬಿಡಿಸಿ ಹೇಳಿ.

ಪ್ರಾಪರ್ಟಿ ಪೆಟ್ಟಿಗೆ
ಅಂಗಡಿ ಕಡೆ ಹೆಜ್ಜೆ ಹಾಕೋದಕ್ಕೆ ಮುಂಚೆ ಚಿತ್ರಕತೆಯನ್ನ ಮೂರು ಸಲ ಓದಿ. ಮೊದಲ ಸಲ ಬರೀ ಕತೆಗಾಗಿ, ಪೆನ್ ಮುಟ್ಟಲೇಬೇಡಿ. ಎರಡನೇ ಸಲ ಬಣ್ಣದ ಪೆನ್ಸಿಲ್ ಹಿಡಿದು ಹೆಸರಿರೋ ಪ್ರತಿ ವಸ್ತುವಿನ ಕೆಳಗೂ ಗೆರೆ ಎಳೀರಿ: ಪ್ರಾಪರ್ಟಿಗೆ ಒಂದು ಬಣ್ಣ, ಬಟ್ಟೆಗೆ ಒಂದು, ಸೆಟ್‌ಗೆ ಒಂದು. ಮೂರನೇ ಸಲ ಬರೆಯದೇ ಇರೋದನ್ನ ಹುಡುಕಿ.

ಮೂರನೇ ಓದಿನಲ್ಲೇ ನಿಜವಾದ ಕೆಲಸ. "ಅವಳು ಕಾಗದ ಬರೆಯುತ್ತಾಳೆ" ಅಂತ ಒಂದು ಸಾಲು ಇರುತ್ತೆ. ಅದರೊಳಗೆ ಪೆನ್ನು, ಶಾಯಿ ಕುಡಿಕೆ, ಕೆಳಗೆ ಇಟ್ಟುಕೊಳ್ಳೋ ರಟ್ಟು, ಲಕೋಟೆ, ಅಂಚೆಚೀಟಿ ಎಲ್ಲ ಅಡಗಿದೆ. ಕೈಬರಹ ಯಾರದು? ನಟಿಯದ್ದೇ ಆದ್ರೆ ಹಿಂದಿನ ದೃಶ್ಯದ ಕಾಗದವನ್ನೂ ಅವರಿಂದಲೇ ಬರೆಸಬೇಕು. ಐದು ಟೇಕ್ ಆದ್ರೆ, ಅಂದ್ರೆ ಅದೇ ಶಾಟ್ ಐದು ಸಲ ತೆಗೆದ್ರೆ, ಐದು ಖಾಲಿ ಹಾಳೆ ಬೇಕು. ಕ್ಯಾಮೆರಾ ಜಾಗ ಬದಲಾದ ಮೇಲೆ ಅರ್ಧ ಬರೆದ ಹಾಳೆ ಬೇಕು, ಅದೂ ಐದು, ಎಲ್ಲವೂ ಒಂದೇ ಪದಕ್ಕೆ ನಿಂತಿರಬೇಕು.

ಆಮೇಲೆ ಪಟ್ಟಿಯನ್ನ ಮೂರು ಪಾಲು ಮಾಡಿ. ಸುಮ್ನೆ ಹಿಂದೆ ಕಾಣೋ ಸಾಮಾನು, ನಟ ಕೈಯಲ್ಲಿ ಹಿಡಿಯೋದು, ಕ್ಲೋಸಪ್‌ಗೆ ಬರೋದು. ಮೊದಲನೆಯದಕ್ಕೆ ಒಂದು ಸಾಕು. ಎರಡನೆಯದಕ್ಕೆ ಜೋಡಿ ಇರಲಿ. ಮೂರನೆಯದು, ನಾವು ಹೀರೋ ಪ್ರಾಪರ್ಟಿ ಅನ್ನೋದು, ಅದಕ್ಕೆ ಎಷ್ಟು ಅಂತ ದೃಶ್ಯ ಎಣಿಸಿಯೇ ಹೇಳಬೇಕು.

ನಿಮ್ಮ ಟೈಮ್‌ಪೀಸ್ ಐದು ಬೇಕು. ಚೆನ್ನಾಗಿರೋದು ಎರಡು, ಸೀಳಿದ್ದು ಎರಡು, ಬೀಳಿಸೋದಕ್ಕೆ ಅಂತಲೇ ಒಳಗಿನ ಯಂತ್ರ ತೆಗೆದು ಹಗುರ ಮಾಡಿದ್ದು ಒಂದು. ಐದೂ ಒಂದೇ ಮಾದರಿ. ಈ ಐದು ಸಿಗೋವರೆಗೂ ನಿರ್ದೇಶಕರಿಗೆ ತೋರಿಸಿ "ಇದೇ" ಅನ್ನಿಸಿಕೊಳ್ಳಬೇಡಿ. ಒಂದೇ ಒಂದು ಅಪರೂಪದ ಪೀಸ್ ನೋಡಿ ಅವರು ಮನಸೋತರೆ ಮುಗೀತು, ಅದರ ಜೋಡಿ ಹುಡುಕೋದ್ರಲ್ಲಿ ನಿಮ್ಮ ಎರಡು ವಾರ ಹೋಗುತ್ತೆ.

ಬೂಮ್ ಹಿಡಿಯೋನು
ಸೌಂಡ್ ಕಡೆಯಿಂದ ಒಂದು ವಿನಂತಿ. ಕ್ಲೋಸಪ್‌ಗೆ ಬರೋ ಎಲ್ಲ ಟೈಮ್‌ಪೀಸ್‌ನ ಯಂತ್ರವನ್ನೂ ನಿಲ್ಲಿಸಿಬಿಡಿ. ಟಿಕ್ ಟಿಕ್ ಸದ್ದು ಮಾತಿನ ಹಿಂದೆ ಕೂತರೆ ಎಡಿಟಿಂಗ್‌ನಲ್ಲಿ ಒಂದು ಸಾಲು ಕತ್ತರಿಸಿದ ಕೂಡಲೇ ತಾಳ ತಪ್ಪುತ್ತೆ. ಸದ್ದನ್ನ ಆಮೇಲೆ ಹಾಕಬಹುದು, ತೆಗೆಯೋದು ಕಷ್ಟ. ಇನ್ನೂ ಒಂದು ಲಾಭ ಇದೆ. ಒಂದೇ ದೃಶ್ಯ ತೆಗೆಯೋದಕ್ಕೆ ನಾಲ್ಕು ಗಂಟೆ ಹಿಡಿಯುತ್ತೆ, ನಡೆಯೋ ಗಡಿಯಾರದ ಮುಳ್ಳು ಅಷ್ಟೂ ಹೊತ್ತು ಓಡಿರುತ್ತೆ. ನಿಂತ ಗಡಿಯಾರದಲ್ಲಿ ಆ ತಾಪತ್ರಯ ಇಲ್ಲ.

ಕಾಗದದ ಚೀಲ, ಹಳೇ ಪತ್ರಿಕೆ ಏನಾದ್ರೂ ನಟರ ಕೈಗೆ ಕೊಡ್ತೀರಾದ್ರೆ ಟೇಕ್‌ಗೆ ಮುಂಚೆ ಹಿಂಭಾಗಕ್ಕೆ ತೆಳ್ಳಗೆ ನೀರು ಸಿಂಪಡಿಸಿ. ಸರಪರ ಸದ್ದು ಅರ್ಧಕ್ಕೆ ಇಳಿಯುತ್ತೆ. ಗ್ಲಾಸಿನಲ್ಲಿ ಐಸ್ ಇದ್ರೆ ಸಿಲಿಕೋನ್ ತುಂಡು ತರಿಸಿ, ಕರಗಲ್ಲ, ಠಣ್ ಅನ್ನಲ್ಲ. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿ.

ಪ್ಯಾಚ್‌ವರ್ಕ್
ನನ್ನ ಅನುಭವ ಹೇಳಲೇಬೇಕು, ಯಾಕಂದ್ರೆ ಇದನ್ನ ಯಾರೂ ಮೊದಲೇ ಹೇಳಿಕೊಡಲ್ಲ.

ಒಂದು ಚಿತ್ರದಲ್ಲಿ ಬರೆಯೋ ಮೇಜು ಬಾಡಿಗೆಗೆ ತಂದಿದ್ವಿ. ಪ್ಯಾಕಪ್ ಆದ ಮರುದಿನವೇ ವಾಪಸ್ ಕೊಟ್ಟೆ, ಬೇಗ ಮುಗಿಸಿದೆ ಅಂತ ಹೆಮ್ಮೆ ಬೇರೆ. ನಾಲ್ಕು ವಾರ ಬಿಟ್ಟು ಎಡಿಟಿಂಗ್ ರೂಮಿಂದ ಫೋನ್ ಬಂತು. ಡ್ರಾಯರ್ ಎಳೆದು ಕಾಗದ ತೆಗೆಯೋ ಒಂದು ಇನ್‌ಸರ್ಟ್ ಶಾಟ್ (ದೃಶ್ಯದ ಮಧ್ಯೆ ಸೇರಿಸೋ ಸಣ್ಣ ಶಾಟ್) ಬೇಕು, ಎರಡೇ ಸೆಕೆಂಡ್. ಓಡಿದೆ. ಮೇಜು ಅಲ್ಲೇ ಇತ್ತು, ಆದರೆ ಬಾಡಿಗೆಯವರು ಅಷ್ಟರಲ್ಲಿ ಅದಕ್ಕೆ ಬಿಳಿ ಬಣ್ಣ ಹೊಡೆದಿದ್ರು. ಅವರ ಮೇಜು ಅವರದ್ದು, ತಪ್ಪು ನನ್ನದು. ಹಳೇ ಫೋಟೋ ಮುಂದಿಟ್ಟುಕೊಂಡು, ಹಲಗೆಗೆ ಪಾಲಿಶ್ ಹಾಕಿ, ಅದೇ ರೀತಿಯ ಹಿತ್ತಾಳೆ ಹಿಡಿ ಹುಡುಕಿ ಡ್ರಾಯರ್ ಮುಖ ಒಂದನ್ನೇ ಕಟ್ಟಿದ್ವಿ. ಎರಡು ಸೆಕೆಂಡಿಗೆ ಮೂರು ದಿನ.

ಆವತ್ತಿಂದ ಒಂದು ನಿಯಮ ಇಟ್ಟುಕೊಂಡಿದ್ದೀನಿ. ನಟರು ಮುಟ್ಟಿದ ಯಾವ ವಸ್ತುವೂ ಪಿಕ್ಚರ್ ಲಾಕ್ ಆಗೋವರೆಗೆ, ಅಂದ್ರೆ ಎಡಿಟಿಂಗ್ ಅಂತಿಮ ಆಗೋವರೆಗೆ, ನನ್ನ ಕೈ ಬಿಡಲ್ಲ. ಒಂದು ಸಾಮಾನು ಸಿಕ್ಕಿತು ಅನ್ನೋದು ಅರ್ಧ ಮಾತು. ಪ್ಯಾಚ್‌ವರ್ಕ್ (ಬಿಟ್ಟುಹೋದ ಶಾಟ್‌ಗಳನ್ನ ಆಮೇಲೆ ತೆಗೆಯೋ) ದಿನ ಅದು ಎಲ್ಲಿರುತ್ತೆ, ಯಾವ ಸ್ಥಿತಿಯಲ್ಲಿರುತ್ತೆ ಅನ್ನೋದು ಉಳಿದರ್ಧ.

ಲೆಕ್ಕದ ಪುಸ್ತಕ
ಪ್ರೊಡಕ್ಷನ್ ಮ್ಯಾನೇಜರ್ ಆಗಿ ಹೇಳ್ತೀನಿ, ಎಲ್ಲವನ್ನೂ ಪಿಕ್ಚರ್ ಲಾಕ್‌ವರೆಗೆ ಹಿಡಿದಿಟ್ಟುಕೊಂಡರೆ ಬಾಡಿಗೆ ಮೀಟರ್ ಓಡ್ತಾನೇ ಇರುತ್ತೆ. ಗೋದಾಮಿನ ಖರ್ಚೂ ಸೇರುತ್ತೆ.

ನಾನು ಪ್ರತಿ ವಸ್ತುವಿಗೂ ಹೀಗೆ ನೋಡ್ತೀನಿ: ತಯಾರಿಯ ವಾರ, ಚಿತ್ರೀಕರಣದ ವಾರಗಳು, ಪ್ಯಾಚ್‌ವರ್ಕ್‌ಗೆ ಅಂದಾಜು ಒಂದು ವಾರ, ಇಷ್ಟಕ್ಕೂ ಆಗೋ ಬಾಡಿಗೆಯನ್ನ ಕೂಡಿ. ಅದು ಹೊಸದರ ಬೆಲೆಯ ಅರ್ಧ ದಾಟಿದ್ರೆ ಕೊಂಡುಬಿಡಿ, ಮುಗಿದ ಮೇಲೆ ಮಾರಬಹುದು. ಇದು ನನ್ನ ಕೈಲೆಕ್ಕ. ಒಡೆಯೋದು, ಕತ್ತರಿಸೋದು, ಬಣ್ಣ ಬಳಿಯೋದು, ನೀರಲ್ಲಿ ಮುಳುಗಿಸೋದು, ಇವನ್ನ ಯಾವತ್ತೂ ಬಾಡಿಗೆಗೆ ತರಬೇಡಿ.

ಬಾಡಿಗೆಗೆ ತರೋವಾಗ ಕೊಡೋರ ಎದುರಿಗೇ ನಾಲ್ಕೂ ಕಡೆಯಿಂದ ಫೋಟೋ ತೆಗೀರಿ. ಇರೋ ಗೀರು, ಮುಕ್ಕು ಎಲ್ಲ ಚೀಟಿಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ವಾಪಸ್ ಕೊಡೋ ದಿನ ಆ ಚೀಟಿಯೇ ನಿಮ್ಮ ಪರವಾಗಿ ಮಾತಾಡೋದು.

ಪ್ಯಾಚ್‌ವರ್ಕ್
ಎಲ್ಲವನ್ನೂ ಅಂತ ನಾನು ಹೇಳಿಲ್ಲ, ಮುಟ್ಟಿದ್ದನ್ನ ಅಂದೆ. ಗೋಡೆ ಪಕ್ಕದ ಬೀರುವನ್ನ ಕೊಟ್ಟುಬಿಡಿ, ಪರವಾಗಿಲ್ಲ. ನಟಿ ತೆರೆದ ಬೀರು ಆದ್ರೆ ಇಟ್ಟುಕೊಳ್ಳಿ. ಎಡಿಟರ್ ಕೇಳೋದು ಯಾವಾಗಲೂ ಕೈ ಮತ್ತು ವಸ್ತು ಸೇರೋ ಕ್ಷಣವನ್ನೇ.

ಲೆಕ್ಕದ ಪುಸ್ತಕ
ಆ ಗೆರೆಯನ್ನ ಒಪ್ತೀನಿ. ಹಾಗಾದ್ರೆ ಬಾಡಿಗೆ ಒಪ್ಪಂದದಲ್ಲೇ "ಮುಂದಿನ ಎಂಟು ವಾರ ರೂಪ ಬದಲಿಸಬಾರದು, ಕೇಳಿದ್ರೆ ಒಂದು ದಿನಕ್ಕೆ ಕೊಡಬೇಕು" ಅಂತ ಒಂದು ಸಾಲು ಸೇರಿಸಿ. ತುಂಬಾ ಜನ ಒಪ್ತಾರೆ, ಅವರಿಗೂ ಗೋದಾಮಿನಲ್ಲಿ ಜಾಗ ಇರುತ್ತೆ.

ಹೊಲಿಗೆ ಯಂತ್ರ
ಬಟ್ಟೆ ಬಗ್ಗೆ. ಯಾವ ಪಾತ್ರ ಬೀಳುತ್ತೆ, ಒದ್ದೆಯಾಗುತ್ತೆ, ರಕ್ತ ಆಗುತ್ತೆ ಅಂತ ಮೊದಲು ಗುರುತು ಹಾಕಿ. ಅಂಥ ಉಡುಪು ಕನಿಷ್ಠ ಮೂರು, ಡ್ಯೂಪ್ ಇದ್ರೆ ಅವರ ಅಳತೆಗೆ ಇನ್ನೊಂದು. ಎಲ್ಲಕ್ಕೂ ಬಟ್ಟೆಯನ್ನ ಒಂದೇ ದಿನ, ಒಂದೇ ಥಾನಿನಿಂದ ಕತ್ತರಿಸಿ ತನ್ನಿ. ಮುಂದಿನ ವಾರ ಹೋದ್ರೆ ಅದೇ ನಂಬರಿನ ಬಟ್ಟೆ ಸಿಗಬಹುದು, ಅದೇ ಬಣ್ಣ ಸಿಗಲ್ಲ. ಬೇರೆ ತೊಟ್ಟಿಯಲ್ಲಿ ಅದ್ದಿದ ಬಣ್ಣದ ವ್ಯತ್ಯಾಸ ನಮ್ಮ ಕಣ್ಣಿಗೆ ಕಾಣದೇ ಹೋದ್ರೂ ಎರಡು ಶಾಟ್ ಪಕ್ಕಪಕ್ಕ ಬಂದಾಗ ಪರದೆ ಮೇಲೆ ಎದ್ದು ಕಾಣುತ್ತೆ. ಹೊಲಿಯೋದಕ್ಕೆ ಮುಂಚೆ ಒಂದು ಸಲ ನೆನೆಸಿ ಒಣಗಿಸಿ, ಕುಗ್ಗೋದು ಅಲ್ಲೇ ಕುಗ್ಗಲಿ.

ಅಚ್ಚ ಬಿಳಿ ಬೇಡ. ದೀಪದ ಬೆಳಕಿಗೆ ಬಿಳಿ ಅಂಗಿ ಮುಖಕ್ಕಿಂತ ಹೆಚ್ಚು ಹೊಳೆದು ಛಾಯಾಗ್ರಾಹಕರಿಗೆ ತಲೆನೋವು. ತೆಳ್ಳಗಿನ ಟೀ ಡಿಕಾಕ್ಷನ್‌ನಲ್ಲಿ ಅದ್ದಿದ್ರೆ ಕ್ಯಾಮೆರಾದಲ್ಲಿ ಬಿಳಿಯಾಗೇ ಕಾಣುತ್ತೆ, ಕಣ್ಣಿಗೆ ಹೊಡೆಯಲ್ಲ. ಕೂದಲೆಳೆಯಷ್ಟು ಸಣ್ಣ ಗೆರೆಗಳ ಬಟ್ಟೆ ತೆಗೆದುಕೊಳ್ಳೋದಾದ್ರೆ ಮೊದಲು ಕ್ಯಾಮೆರಾ ಮುಂದೆ ಹಿಡಿದು ನೋಡಿ, ಡಿಜಿಟಲ್ ಸೆನ್ಸರ್‌ನಲ್ಲಿ ಗೆರೆಗಳು ಅಲೆ ಅಲೆಯಾಗಿ ಹರಿದಾಡ್ತವೆ.

ಹಳೇದು ಮಾಡೋದು ನನಗೆ ತುಂಬಾ ಇಷ್ಟದ ಕೆಲಸ. ಅಂಗಿ ಒದ್ದೆ ಮಾಡಿ, ಜೇಬಿಗೆ ಕಲ್ಲು ತುಂಬಿ, ಒಂದು ರಾತ್ರಿ ನೇತುಹಾಕಿ. ಬೆಳಿಗ್ಗೆ ನೋಡಿದ್ರೆ ಜೇಬಿನ ಬಾಯಿ ಜೋತುಬಿದ್ದಿರುತ್ತೆ, ಹತ್ತು ವರ್ಷ ಅದರೊಳಗೆ ಕೈ ಹಾಕಿ ನಿಂತವನ ಅಂಗಿ ಥರ. ಆಮೇಲೆ ಕಾಲರ್ ಮಡಿಕೆ, ತೋಳಿನ ತುದಿ, ಮೊಣಕೈ, ಇಷ್ಟಕ್ಕೆ ಮಾತ್ರ ಉಜ್ಜುಕಾಗದ. ಮೂರು ಪ್ರತಿಯನ್ನೂ ಒಟ್ಟಿಗೇ ಪಕ್ಕದಲ್ಲಿಟ್ಟುಕೊಂಡು ಉಜ್ಜಬೇಕು, ಒಂದು ಮುಗಿಸಿ ಇನ್ನೊಂದಕ್ಕೆ ಹೋದ್ರೆ ಕೈ ಬದಲಾಗಿಬಿಡುತ್ತೆ.

ಗರಗಸ
1963 ಅಂದ್ರೆ ಕೆಲವು ಎಚ್ಚರಿಕೆ. ಗೋಡೆ ಗಡಿಯಾರ ಹಾಕ್ತೀರಾ? ಹಳೇ ಡಬ್ಬಿಯೊಳಗೆ ಈಗಿನ ಕ್ವಾರ್ಟ್ಜ್ ಯಂತ್ರ ಕೂರಿಸಿಕೊಟ್ಟಿದ್ದನ್ನ ತರಬೇಡಿ, ಸೆಕೆಂಡ್ ಮುಳ್ಳು ಸೆಕೆಂಡಿಗೊಮ್ಮೆ ಹಾರುತ್ತೆ. ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಬಂದಿದ್ದೇ 1969ರ ಡಿಸೆಂಬರ್‌ನಲ್ಲಿ. ಡಬ್ಬ, ಪೊಟ್ಟಣಗಳ ಮೇಲೆ ಬಾರ್‌ಕೋಡ್ ಇರಬಾರದು, ಅಂಗಡಿಯಲ್ಲಿ ಬಾರ್‌ಕೋಡ್ ಮೊದಲು ಓದಿದ್ದು 1974ರಲ್ಲಿ. ಪ್ಲಸ್ ತಲೆಯ ಸ್ಕ್ರೂ 1930ರ ದಶಕದಲ್ಲೇ ಬಂದಿದೆ, ಹಾಗಾಗಿ ತಪ್ಪಲ್ಲ. ಆದರೆ ಮನೆ ಅಜ್ಜನ ಕಾಲದ್ದು ಅಂತ ಚಿತ್ರಕತೆ ಹೇಳಿದ್ರೆ ಬಾಗಿಲ ಕೀಲಿಗೆ ಒಂದೇ ಗೀರಿನ ಸ್ಕ್ರೂ ಹಾಕಿ. ಬಾಗಿಲ ಹತ್ತಿರ ನಿಂತು ಮಾತಾಡೋ ಕ್ಲೋಸಪ್‌ನಲ್ಲಿ ಕೀಲು ಕಂಡೇ ಕಾಣುತ್ತೆ.

ಒಂದು ರೂಮನ್ನಾದರೂ ಸೆಟ್ ಹಾಕ್ತೀರಾದ್ರೆ ಗೋಡೆಯನ್ನ 8 ಅಡಿ 4 ಅಡಿ ಪ್ಲೈವುಡ್ ಹಾಳೆಯ ಲೆಕ್ಕದಲ್ಲೇ ಯೋಚಿಸಿ. ಗೋಡೆ 13 ಅಡಿ ಅಂತ ನಕ್ಷೆ ಬಂದ್ರೆ 12ಕ್ಕೆ ಇಳಿಸೋಕಾಗುತ್ತಾ ಅಂತ ಕೇಳಿ, ಒಂದಡಿಗೋಸ್ಕರ ಹಾಳೆಗಳನ್ನ ಕತ್ತರಿಸಿ ಬಿಸಾಕೋದು ತಪ್ಪುತ್ತೆ. ಒಂದು ಗೋಡೆಯಾದರೂ ಬಿಚ್ಚೋ ಹಾಗಿರಲಿ, ಕ್ಯಾಮೆರಾ ಹಿಂದೆ ಸರಿಯೋದಕ್ಕೆ. ಮೊಳೆ ಬೇಡ, ಸ್ಕ್ರೂ ಹಾಕಿ. ಬಿಚ್ಚಿದ ಮೇಲೆ ಪ್ಲೈವುಡ್ ಇನ್ನೊಂದು ಸೆಟ್‌ಗೆ ಬರುತ್ತೆ.

ಥರ್ಮೋಕೋಲ್‌ನಲ್ಲಿ ಕಂಬ, ಕಮಾನು ಕೆತ್ತಿದ್ರೆ ಮೇಲೆ ಗಟ್ಟಿ ಲೇಪನ ಕೊಡಿ, ಬಿಸಿ ದೀಪದಿಂದ ದೂರ ಇಡಿ. ಬೆಂಕಿ ತಾಗಿದ್ರೆ ಕರಗಿ ತೊಟ್ಟಿಕ್ಕುತ್ತಾ ಉರಿಯುತ್ತೆ, ಹೊಗೆ ವಿಷ. ಸೆಟ್‌ನ ಪರದೆ, ಬಟ್ಟೆಗಳಿಗೆ ಬೆಂಕಿ ತಡೆಯೋ ದ್ರಾವಣ ಹೊಡೆಸಿ, ಒಗೆದ ಮೇಲೆ ಮತ್ತೆ ಹೊಡೆಸಿ.

ಮೊದಲ ಶೆಡ್ಯೂಲ್
ಇಷ್ಟೊಂದು ವಿವರ ಬರುತ್ತೆ ಅಂದುಕೊಂಡಿರಲಿಲ್ಲ, ಮನಸಾರೆ ಧನ್ಯವಾದ. ಮೂರನೇ ಓದು ಇವತ್ತು ಮುಗಿಸಿದೆ. ಪಟ್ಟಿ 112ರಿಂದ 187ಕ್ಕೆ ಏರಿತು! ಎರಡು ಪ್ರಶ್ನೆ. ಒಂದು, ನೆರೆಮನೆಯ ಹಿರಿಯರೊಬ್ಬರು ತಮ್ಮ ಹಳೇ ರೇಡಿಯೋ ಕೊಡ್ತೀನಿ ಅಂದಿದ್ದಾರೆ, ಬಾಡಿಗೆ ಬೇಡ ಅಂತಾರೆ. ತೆಗೆದುಕೊಳ್ಳಲಾ? ಎರಡು, ಒಂದು ದೃಶ್ಯದಲ್ಲಿ ಬೇಟೆ ಬಂದೂಕು ಗೋಡೆ ಮೇಲೆ ಇರುತ್ತೆ, ಮತ್ತೊಂದರಲ್ಲಿ ಅದನ್ನ ಕೆಳಗಿಳಿಸ್ತಾರೆ. ಹಾರಿಸೋದಿಲ್ಲ.

ಪ್ರಾಪರ್ಟಿ ಪೆಟ್ಟಿಗೆ
ರೇಡಿಯೋ ಹಿಂದೆ ಕಾಣೋದಾದ್ರೆ ತಗೊಳ್ಳಿ, ನಟರು ಕಿವಿ ತಿರುಗಿಸೋದಾದ್ರೆ ಬೇಡ. ಮನೆಯವರ ನೆನಪು ಅಂಟಿಕೊಂಡಿರೋ ವಸ್ತುವಿಗೆ ಏನಾದ್ರೂ ಆದ್ರೆ ಹಣ ಕೊಟ್ಟು ಸರಿ ಮಾಡೋಕಾಗಲ್ಲ. ತಗೊಂಡ್ರೂ ಬಾಡಿಗೆ ಚೀಟಿ ಬರೆದೇ ತಗೊಳ್ಳಿ, ಸೆಟ್‌ನಲ್ಲಿ ಪ್ಲಗ್ ಹಾಕಬೇಡಿ. ಡಯಲ್ ಬೆಳಗಬೇಕಾದ್ರೆ ಅದರದ್ದೇ ಮಾದರಿಯ ಇನ್ನೊಂದನ್ನ ಕೊಂಡು ಒಳಗೆ ಬ್ಯಾಟರಿಯ ಸಣ್ಣ ಬಲ್ಬ್ ಇಡಿ.

ಸೇಫ್ಟಿ ಫಸ್ಟ್
ಬಂದೂಕಿನ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ. ಹಾರಿಸೋದಿಲ್ಲ ಅಂದಮೇಲೆ ನಿಜವಾದ ಬಂದೂಕು ಸೆಟ್‌ಗೆ ಬರೋ ಅಗತ್ಯವೇ ಇಲ್ಲ. ಮರ, ರೆಸಿನ್, ರಬ್ಬರ್‌ನಲ್ಲಿ ಅಚ್ಚು ಹಾಕಿಸಿ.

1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತಿದ್ದು ಸಾಮಾನಿನ ನಿರ್ವಹಣೆ ತಪ್ಪಿದ್ದರಿಂದ. ಕ್ಲೋಸಪ್‌ಗೆ ಬೇಕಿದ್ದ ಡಮ್ಮಿ (ಹಾರದ) ಗುಂಡುಗಳನ್ನ ನಿಜವಾದ ಗುಂಡಿನಿಂದ ಮದ್ದು ತೆಗೆದು ಅಲ್ಲೇ ತಯಾರಿಸಿದ್ರು, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸೋ ಭಾಗ) ಉಳಿದಿತ್ತು. ಅದರಿಂದ ಒಂದು ಗುಂಡು ಜಾರಿ ನಳಿಕೆಯಲ್ಲಿ ಸಿಕ್ಕಿಕೊಂಡಿತು, ಯಾರೂ ನೋಡಲಿಲ್ಲ. ಆಮೇಲೆ ಅದೇ ಬಂದೂಕಿಗೆ ಬ್ಲಾಂಕ್ (ಗುಂಡಿಲ್ಲದ, ಬರೀ ಮದ್ದಿನ ತೋಟಾ) ತುಂಬಿ ಹಾರಿಸಿದಾಗ ಒಳಗಿದ್ದದ್ದು ಹೊರಬಂತು. 2021ರ ಅಕ್ಟೋಬರ್‌ನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತಾಗ ಸೆಟ್‌ನಲ್ಲಿ ಇರಲೇಬಾರದಿದ್ದ ಜೀವಂತ ಗುಂಡು ಡಮ್ಮಿಗಳ ಜೊತೆ ಬೆರೆತಿತ್ತು. ಎರಡು ಕಡೆಯೂ ಪೆಟ್ಟಿಗೆಯಲ್ಲಿ, ನಳಿಕೆಯಲ್ಲಿ ಏನಿದೆ ಅಂತ ಒಬ್ಬರಾದರೂ ಒಂದೊಂದಾಗಿ ಎತ್ತಿ ನೋಡಿದ್ದಿದ್ರೆ ಆ ಇಬ್ಬರೂ ಉಳೀತಿದ್ರು.

ರಬ್ಬರ್ ಬಂದೂಕಾದ್ರೂ ಬೀಗದ ಪೆಟ್ಟಿಗೆ, ಒಬ್ಬರೇ ಕೀಲಿ ಇಟ್ಟುಕೊಳ್ಳೋದು, ಕೊಟ್ಟಾಗ ತಗೊಂಡಾಗ ಬರೆಯೋದು, ಇಷ್ಟನ್ನ ಬಿಡಬೇಡಿ.

ಹಾಗೇ ಸೆಟ್‌ಗೆ ಬರೋ ಪುಡಿ, ದ್ರಾವಣ ಪ್ರತಿಯೊಂದೂ ಏನು ಅಂತ ಕೇಳಿ. 1930ರ ದಶಕದಲ್ಲಿ ಹಿಮ ಅಂತ ನಟರ ತಲೆ ಮೇಲೆ ಕಲ್ನಾರು (ಆಸ್ಬೆಸ್ಟಾಸ್) ಉದುರಿಸಿದ್ದಾರೆ, ಬೆಂಕಿ ಹಿಡಿಯಲ್ಲ ಅನ್ನೋ ಕಾರಣಕ್ಕೆ. ಈಗ ಧೂಳಿಗೆ ಮುಲ್ತಾನಿ ಮಣ್ಣು ಬಳಸ್ತೀವಿ, ಅದಕ್ಕೂ ಕ್ಯಾಮೆರಾ ಹಿಂದಿರೋರೆಲ್ಲ ಮಾಸ್ಕ್ ಹಾಕಲೇಬೇಕು.

ಕಾರ್ಡ್ ರೀಡರ್
ಮೆಮೊರಿ ಕಾರ್ಡ್ ಕೂಡ ಸಾಮಾನೇ, ಎಲ್ಲಕ್ಕಿಂತ ದುಬಾರಿ ಸಾಮಾನು. ಶೂಟ್ ಆದ ಕಾರ್ಡ್‌ಗೆ ಕೆಂಪು ಟೇಪ್, ಖಾಲಿದಕ್ಕೆ ಹಸಿರು. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಚೆಕ್‌ಸಮ್ (ನಕಲು ಮೂಲದ ಹಾಗೇ ಇದೆಯಾ ಅಂತ ತೋರಿಸೋ ಸಂಖ್ಯೆ) ಹೊಂದಾಣಿಕೆ ಆಗದೆ ಯಾವ ಕಾರ್ಡನ್ನೂ ಅಳಿಸಬೇಡಿ, ಯಾರು ಎಷ್ಟೇ ಅವಸರ ಮಾಡಿದ್ರೂ.

ಟೇಬಲ್ ಲ್ಯಾಂಪ್‌ಗೆ ಹಳೇ ರೂಪದ ಎಲ್‌ಇಡಿ ಬಲ್ಬ್ ತರೋದಾದ್ರೆ ಕ್ಯಾಮೆರಾ ಮುಂದೆ ಹಚ್ಚಿ ನೋಡಿಯೇ ಕೊಳ್ಳಿ. ಅಗ್ಗದ ಬಲ್ಬ್ ಕಣ್ಣಿಗೆ ಸ್ಥಿರವಾಗಿದ್ರೂ ಶಟರ್‌ಗೆ ಮಿನುಗುತ್ತೆ.

ಹೊರಾಂಗಣ
ಮಧ್ಯೆ ಬಾಯಿ ಹಾಕ್ತಿದ್ದೀನಿ. ನಮ್ಮದು ಬೇರೆ ದೇಶದಲ್ಲಿ ಆರು ದಿನ ಚಿತ್ರೀಕರಣ ಇದೆ. ಕ್ಯಾಮೆರಾ, ಬ್ಯಾಟರಿ, ಎರಡು ಪೆಟ್ಟಿಗೆ ಪ್ರಾಪರ್ಟಿ. ಏನು ನೋಡಿಕೊಳ್ಳಬೇಕು?

ಕಾರ್ಡ್ ರೀಡರ್
ಎಟಿಎ ಕಾರ್ನೆಟ್ ಅನ್ನೋ ಕಸ್ಟಮ್ಸ್ ದಾಖಲೆ ಮಾಡಿಸಿ. ಆ ವ್ಯವಸ್ಥೆ ಒಪ್ಪಿರೋ ದೇಶಗಳಿಗೆ ಸುಂಕ ಕಟ್ಟದೆ ತಾತ್ಕಾಲಿಕವಾಗಿ ಸಾಮಾನು ಒಯ್ಯಬಹುದು, ಗರಿಷ್ಠ ಒಂದು ವರ್ಷ ನಡೆಯುತ್ತೆ. ಪಟ್ಟಿಯಲ್ಲಿ ಸೀರಿಯಲ್ ನಂಬರ್ ಒಂದಂಕಿ ತಪ್ಪಿದ್ರೂ ಕಸ್ಟಮ್ಸ್‌ನಲ್ಲಿ ನಿಲ್ಲಬೇಕಾಗುತ್ತೆ. ಹೋದದ್ದೆಲ್ಲ ವಾಪಸ್ ಬರಬೇಕು, ಅಲ್ಲೇ ಉಳಿದದ್ದಕ್ಕೆ ಸುಂಕ ಬೀಳುತ್ತೆ. ಹಾಗಾಗಿ ಮುಗಿದುಹೋಗೋ ಟೇಪ್, ಬಣ್ಣ, ನಕಲಿ ರಕ್ತ ಇವನ್ನ ಅದರಲ್ಲಿ ಸೇರಿಸಬೇಡಿ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಬರಬೇಕು. 100 ವ್ಯಾಟ್ ಅವರ್ ಒಳಗಿದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ, 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಒಬ್ಬರಿಗೆ ಎರಡು. ಕ್ಯಾಮೆರಾ ಬ್ಯಾಟರಿಗಳ ಮೇಲೆ 98 ಅಂತ ಬರೆದಿರೋದು ಇದಕ್ಕೇ.

ಲೆಕ್ಕದ ಪುಸ್ತಕ
ಗೋಡೆ ಮೇಲೆ ಚಿತ್ರಪಟ, ಕ್ಯಾಲೆಂಡರ್, ಪುಸ್ತಕದ ಮುಖಪುಟ ತೋರಿಸೋದಿದ್ರೆ ಅದನ್ನ ಬರೆದವರ ಅಥವಾ ಹಕ್ಕು ಇರೋರ ಅನುಮತಿ ಕಾಗದದಲ್ಲಿ ತಗೊಳ್ಳಿ. ಕೊಂಡ ರಸೀದಿ ಇದ್ರೆ ವಸ್ತು ನಿಮ್ಮದು, ಚಿತ್ರದ ಹಕ್ಕು ನಿಮ್ಮದಲ್ಲ. ಸುಲಭ ದಾರಿ ಅಂದ್ರೆ ನಿಮ್ಮ ಕಲಾವಿದರಿಂದಲೇ ಬರೆಸೋದು.

ಮೊದಲ ಶೆಡ್ಯೂಲ್
ದಾಖಲೆ ಪುಸ್ತಕ ಶುರು ಮಾಡಿದ್ದೀನಿ. ಫೋನಿನಲ್ಲಿ ಸ್ಪ್ರೆಡ್‌ಶೀಟ್ ಇದ್ರೂ ಸೆಟ್‌ನಲ್ಲಿ ಕೈಗೆ ಸಿಗೋ ನೋಟ್‌ಬುಕ್ಕೇ ಇರಲಿ ಅನ್ನಿಸಿತು. ಒಂದು ನಮೂದು ಹೀಗಿದೆ, ತಪ್ಪಿದ್ರೆ ತಿದ್ದಿ:

ಟೈಮ್‌ಪೀಸ್ ಇ (5ರಲ್ಲಿ 5ನೇದು). ಸೀಳಿದ ಗಾಜು. ಪೆಟ್ಟಿಗೆ 7. ದೃಶ್ಯ 19, 22, 31, 40. ಮುಳ್ಳು: 19ರಲ್ಲಿ 6:10, 22ರಲ್ಲಿ 9:35, 31ರಲ್ಲಿ 4:50, 40ರಲ್ಲಿ 6:10. ಮೊದಲ ದಿನ 40ಕ್ಕೆ ಹೋಗಬೇಕು, ಆಗ ಫೋಟೋ ತೆಗೀಬೇಕು. ಪಿಕ್ಚರ್ ಲಾಕ್‌ವರೆಗೆ ಇಡಬೇಕು.

ಪ್ರಾಪರ್ಟಿ ಪೆಟ್ಟಿಗೆ
ತುಂಬಾ ಚೆನ್ನಾಗಿದೆ. ಮುಳ್ಳಿನ ಸಮಯ ದೃಶ್ಯಕ್ಕೆ ತಕ್ಕ ಹಾಗೆ ಬರೆದಿದ್ದೀರಲ್ಲ, ಎಷ್ಟೋ ವರ್ಷದವರೂ ಮರೀತಾರೆ. ಎರಡು ಸೇರಿಸಿ. ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋ ಕಾಲಂ, ಮತ್ತೆ ಮೇಜಿನ ಮೇಲೆ ಅದು ಯಾವ ಕಡೆ ಮುಖ ಮಾಡಿತ್ತು ಅನ್ನೋದು. ಫೋಟೋ ತೆಗೆಯೋವಾಗ ಬರೀ ವಸ್ತು ಬೇಡ, ಪಕ್ಕದ ಸಾಮಾನೂ ಬರಲಿ, ದೂರ ಗೊತ್ತಾಗಬೇಕು.

ಮೊದಲ ಶೆಡ್ಯೂಲ್
ಕೊನೇ ಪ್ರಶ್ನೆ. ಸೀಳಿದ ಎರಡು ಗಾಜೂ ಒಂದೇ ಥರ ಸೀಳಬೇಕಲ್ಲ? ಮನೆಯಲ್ಲಿ ಎರಡು ಗಾಜು ತಟ್ಟಿ ನೋಡಿದೆ, ಒಂದು ಮೂರು ಕವಲಾಯ್ತು, ಇನ್ನೊಂದು ಪುಡಿಪುಡಿ.

ಗರಗಸ
ನಿಜವಾದ ಗಾಜು ಬಿಟ್ಟುಬಿಡಿ, ನಟರ ಕೈಗೆ ಹೋಗೋ ವಸ್ತು ಅದು. ಸೀಳು ಹೇಗಿರಬೇಕು ಅಂತ ನಿರ್ದೇಶಕರಿಂದ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ. ತೆಳ್ಳನೆ ಅಕ್ರಿಲಿಕ್ ಹಾಳೆಯಲ್ಲಿ ಡಯಲ್ ಅಳತೆಗೆ ಮೂರು ಬಿಲ್ಲೆ ಕತ್ತರಿಸಿ. ಆ ಚಿತ್ರವನ್ನ ಬಿಲ್ಲೆಯ ಕೆಳಗೆ ಅಂಟಿಸಿ, ಮೇಲಿಂದ ಚೂಪು ಕಟರ್‌ನಲ್ಲಿ ಅದೇ ಗೆರೆ ಹಿಡಿದು ಗೀಚಿ. ಏಟು ಬಿದ್ದ ಜಾಗದಲ್ಲಿ ಆಳವಾಗಿ, ತುದಿಗೆ ಹೋದಂತೆ ಹಗುರವಾಗಿ. ಗೀಚಿದ ಕಡೆ ಒಳಮುಖ ಇರಲಿ, ಬೆರಳಿಗೆ ತಾಗಲ್ಲ. ಎರಡು ಬಿಲ್ಲೆ ಎರಡು ಟೈಮ್‌ಪೀಸ್‌ಗೆ. ಮೂರನೇದನ್ನ ಹತ್ತಿಯಲ್ಲಿ ಸುತ್ತಿ, ಚಿತ್ರದ ಜೊತೆ ಪೆಟ್ಟಿಗೆ 7ರಲ್ಲೇ ಇಡಿ.

ಮೊದಲ ಶೆಡ್ಯೂಲ್
ಇವತ್ತು ಸಂಜೆಯೇ ಗೀಚಿದೆ. ಮೊದಲನೇದು ಸ್ವಲ್ಪ ದಪ್ಪ ಬಂತು, ಇನ್ನೊಂದು ಬಿಲ್ಲೆ ಕತ್ತರಿಸಿ ಮತ್ತೆ ಮಾಡಿದೆ. ಮೂರನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಒಂದೇ ಸೀಳು ಕಾಣ್ತಿದೆ.